ನಕ್ಷೆಯಲ್ಲಿ ಎದ್ದ ಗೋಡೆ

ಆ ಸೀಮೆಯಲ್ಲಿ ಎಲ್ಲೋ ನೆಲದಡಿ ಕಬ್ಬಿಣದ ಅದಿರಿತ್ತು. ಅದರ ಮೇಲೆ ಹಾರಿದ ಪಾರಿವಾಳಗಳಿಗೆ ದಿಕ್ಕು ತಪ್ಪುತ್ತಿತ್ತು. ಹಾಗೆ ಮಗಳನ್ನು ಕಳೆದುಕೊಂಡ ಹಿರಿಯ ಪಾರಿವಾಳವೊಂದು, ಅದಿರಿನ ಕಾಂತ ಸೆಳೆತ ಎಲ್ಲಿ ಎಷ್ಟಿದೆಯೆಂದು ನಕ್ಷೆ ಬರೆಯಲು ಹೊರಟಿತು.

“ಸೆಳೆತ ಅತ್ಯಲ್ಪ,” ಎಂದಿತು ಪಡುವಣ ಭಾಗವನ್ನು ಮುಗಿಲೆತ್ತರದಿಂದ ಅಳೆದಿದ್ದ ಹದ್ದು.

“ಸೆಳೆತ ಭಯಂಕರ,” ಎಂದಿತು ಮೂಡಣ ಭಾಗವನ್ನು ಬಿಲದೊಳಗಿಂದ ಅಳೆದಿದ್ದ ಹೆಗ್ಗಣ.

“ದಯವಿಟ್ಟು ಇಬ್ಬರೂ ನೆಲದ ಮೇಲೆ ಒಂದೇ ಕಡೆ ನಿಂತು ಒಮ್ಮೆ ಅಳೆಯಿರಿ. ನಿಮ್ಮ ಅಳತೆಗಳನ್ನು ಹೊಂದಿಸಿಕೊಳ್ಳುತ್ತೇನೆ,” ಎಂದು ಪಾರಿವಾಳ ಬೇಡಿಕೊಂಡಿತು.

“ನಾನು ಕೆಳಗಿಳಿಯುವುದೆ?” ಎಂದಿತು ಹದ್ದು.

“ನಾನು ಮೇಲೇರುವುದೆ?” ಎಂದಿತು ಹೆಗ್ಗಣ.

ಬೇರೆ ದಾರಿ ಕಾಣದೆ ಪಾರಿವಾಳ ಎರಡನ್ನೂ ಹೇಳಿದ ಹಾಗೆಯೇ ಅಕ್ಕಪಕ್ಕ ಬರೆಯಿತು. ಅವು ಸೇರಿದ ಕಡೆ, ಬರೀ ಶೇಂಗಾ ಹೊಲವಿದ್ದಲ್ಲಿ, ನಕ್ಷೆಯ ಮೇಲೆ ಸೆಳೆತದ ದೊಡ್ಡ ಗೋಡೆಯೇ ಎದ್ದು ನಿಂತಿತು.

“ಅಲ್ಲೇನೂ ಇಲ್ಲ ಮಕ್ಕಳೇ, ಅಳತೆಗಳು ಹೊಂದದ ಜಾಗ ಅಷ್ಟೇ!” ಎಂದು ಹಿರಿಯ ಪಾರಿವಾಳ ಕೂಗಿದರೂ ಅದರ ಹಿಂಡು ಕೇಳಲಿಲ್ಲ. ಗೋಡೆಗೆ ಹೆದರಿ, ಸೆಳೆತ ಅತ್ಯಲ್ಪವೆಂದು ಬರೆದಿದ್ದ ಪಡುವಣಕ್ಕೆ ತಿರುಗಿತು. ಅದಿರು ಇದ್ದದ್ದು ಅಲ್ಲೇ. ಹೋದ ಒಂದು ಹಕ್ಕಿಯೂ ಗೂಡಿಗೆ ಮರಳಲಿಲ್ಲ.

ಹಿರಿಯ ಪಾರಿವಾಳ ಅಳುತ್ತಾ ನಕ್ಷೆ ಹರಿಯಲು ಹೋದಾಗ ಹದ್ದು ಕೆಳಗಿಳಿದು ಬಂತು, ಹೆಗ್ಗಣ ಮೇಲೇರಿ ಬಂತು. ಆ ಗೋಡೆಯನ್ನು ಮೊದಲು ಕಂಡುಹಿಡಿದದ್ದು ಯಾರೆಂದು ಎರಡಕ್ಕೂ ಜಗಳ ಹತ್ತಿಕೊಂಡಿತ್ತು.