ಏಳನೆಯ ಪೈಪು

ಹೊಳೆಯ ನಡುವೆ ಒಂದು ಕುದುರು. ಸುತ್ತ ನೀರು, ನಡುವೆ ಹಿಡಿಯಷ್ಟು ನೆಲ. ಅದರ ಮೇಲೆ ಹಂಚಿನ ಮಾಡಿನ ಒಂದು ಆಶ್ರಮ, ಒಂದು ಬಸಳೆ ಚಪ್ಪರ, ದಡಕ್ಕೆ ಎಳೆದು ಹಾಕಿದ ಒಂದು ಹಳೆಯ ಮೋಟಾರು ದೋಣಿ.

ದೋಣಿ ಭಕ್ತರೊಬ್ಬರು ಕೊಟ್ಟದ್ದು. ತಮಗೆ ಬೇಡವಾದದ್ದನ್ನು ಆಶ್ರಮಕ್ಕೆ ಕೊಟ್ಟರೆ ಪುಣ್ಯ ಅಂತ ಯಾರು ಹೇಳಿದರೋ, ಅವರ ಬಾಯಿಗೆ ಮಣ್ಣು ಹಾಕ.

ಗುರುಗಳ ಹೆಸರು ನಿರ್ಲೇಪಾನಂದರು. ಮೊಣಕೈವರೆಗೂ ಗ್ರೀಸು. ಹೆಸರು ಇಟ್ಟವರು ಕೈ ನೋಡಿರಲಿಲ್ಲ ಅಂತ ಕಾಣುತ್ತದೆ.

ಕಾವಿ ಉಡುವ ಮೊದಲು ಅವರು ಮೂವತ್ತು ವರ್ಷ ಬಂದರಿನಲ್ಲಿ ದೋಣಿ ಇಂಜಿನ್ ರಿಪೇರಿ ಮಾಡಿದವರು. ಅಷ್ಟಾದರೂ ಈಜು ಬಾರದು. ಯಾರಾದರೂ ನಕ್ಕರೆ, "ಈಜು ಬಂದಿದ್ದರೆ ಇಷ್ಟು ಚೆಂದ ರಿಪೇರಿ ಕಲೀತಿದ್ದೆನಾ?" ಅನ್ನುತ್ತಿದ್ದರು.

ಇವರ ಹತ್ತಿರ ಉಪದೇಶ ಬೇಡಿಕೊಂಡು ಸುಧೀಂದ್ರ ಬಂದ. ಮೂವತ್ತೆರಡು ವರ್ಷದವನು, ಬಾಯಿ ತೆರೆದರೆ ಶ್ಲೋಕ. ಮೂರು ಆಶ್ರಮ ಸುತ್ತಿ, ಮೂರರಲ್ಲೂ "ನೀನಿನ್ನೂ ಹಣ್ಣಾಗಿಲ್ಲ" ಅನ್ನಿಸಿಕೊಂಡಿದ್ದ. ಇಲ್ಲೂ ಆಗದಿದ್ದರೆ ಇನ್ನು ಯಾವ ಗುರುವಿನ ಬಾಗಿಲನ್ನೂ ತಟ್ಟುವುದಿಲ್ಲ ಎಂದು ಅಕ್ಕನಿಗೆ ಮಾತು ಕೊಟ್ಟು ಹೊರಟವನು. ಉಪದೇಶದ ದಿನ ಹೊದೆಯಲಿ ಎಂದು ಅಕ್ಕ ಒಂದು ಪಟ್ಟೆ ಶಾಲು ಕಟ್ಟಿಕೊಟ್ಟಿದ್ದಳು.

ಗುರುಗಳು ದೋಣಿಯ ಅಡಿಯಲ್ಲಿ ಮಲಗಿದ್ದರು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಸುಧೀಂದ್ರನಿಗೆ ಅಷ್ಟೇ ಸಾಕಾಯಿತು, ಉದ್ದಕ್ಕೆ ಅಡ್ಡಬಿದ್ದ.

"ಗುರುಗಳೇ, ಇನ್ನು ಈ ಪಾದಗಳೇ ನನಗೆ ಗತಿ."

ದೋಣಿಯಡಿಯಿಂದ ಒಂದು ಕೈ ಹೊರಗೆ ಬಂತು. "ಹದಿನಾಲ್ಕರ ಪಾನಾ ಕೊಡು."

ನಟ್ಟು ಬಿಚ್ಚುವ ಪಾನಾದ ಪ್ರಸ್ತಾಪ ಸುಧೀಂದ್ರ ಓದಿದ ಯಾವ ಗ್ರಂಥದಲ್ಲೂ ಬಂದಿರಲಿಲ್ಲ. ಸುತ್ತಿಗೆ ಕೊಟ್ಟ. ಸುತ್ತಿಗೆ ಹಾಗೇ ವಾಪಸ್ಸು ಬಂತು. ಉಳಿ ಕೊಟ್ಟ. ಉಳಿಯೂ ಬಂತು. ಕೊನೆಗೆ ಗುರುಗಳೇ ಬಂದರು.

"ಎಂತ ಬೇಕಿತ್ತು?"

"ಬ್ರಹ್ಮೋಪದೇಶ, ಗುರುಗಳೇ."

"ಅದುಂಟು. ಪಾನಾ ಎಲ್ಲಿ?"

ಆ ಆಶ್ರಮದ ಪದ್ಧತಿಯೊಂದಿತ್ತು. ಅದನ್ನು ಸುಧೀಂದ್ರನಿಗೆ ಹೇಳಿದವಳು ಅಡುಗೆಯ ಗುಲಾಬಿಯಕ್ಕ. ಉಪದೇಶ ಕೊಡುವುದು ವರ್ಷಕ್ಕೆ ಒಂದೇ ದಿನ, ಮಾಘದ ಹುಣ್ಣಿಮೆಯ ಬೆಳಿಗ್ಗೆ. ಕೊಡುವುದು ನಡು ಹೊಳೆಯಲ್ಲಿ, ದೋಣಿಯ ಮೇಲೆ. ಗುರುವಿನ ಬಾಯಿ, ಶಿಷ್ಯನ ಕಿವಿ, ಮೂರನೆಯವರಿಗೆ ಕೇಳಬಾರದು.

"ಆದರೆ ಎರಡು ವರ್ಷದಿಂದ ಉಪದೇಶವೇ ಇಲ್ಲ," ಅಂದಳು ಗುಲಾಬಿಯಕ್ಕ. "ದೋಣಿ ಸೋರ್ತದೆ."

ಸುಧೀಂದ್ರ ಗುರುಗಳ ಬಳಿಗೆ ಓಡಿದ. "ನಿಮ್ಮ ಅಡುಗೆಯಮ್ಮನ ಹತ್ತಿರ ಹುಟ್ಟು ಹಾಕುವ ಪಾತಿ ದೋಣಿ ಇದೆಯಲ್ಲ, ಅದರಲ್ಲಿ ಹೋಗಬಹುದಲ್ಲವೇ?"

"ಹುಟ್ಟು ಹಾಕುವುದು ಯಾರು?"

"ಅವರೇ."

"ಹಾಗಾದರೆ ಮಂತ್ರ ಗುಲಾಬಿಯ ಕಿವಿಗೂ ಬೀಳ್ತದೆ. ಗುಲಾಬಿಯ ಕಿವಿಗೆ ಬಿದ್ದದ್ದು ನಾಳೆ ಸಂತೆಗೆ ಬಿದ್ದ ಹಾಗೆ."

ಅಡುಗೆಮನೆಯಿಂದ ಸೌಟು ಬಡಿದ ಸದ್ದು ಬಂತು.

ಗುರುಗಳು ಅವನನ್ನು ದೋಣಿಯ ಹಿಂಭಾಗಕ್ಕೆ ಕರೆದುಕೊಂಡು ಹೋದರು. "ನೋಡು. ಇಂಜಿನ್ ದೋಣಿಯ ಒಳಗೆ. ನೀರು ತಳ್ಳುವ ಕಾಲು ಹೊರಗೆ. ನಡುವಿನ ಹಲಗೆಗೆ ತೂತು. ಒಳಗಿನ ಶಕ್ತಿ ಹೊರಗೆ ಹೋಗಬೇಕು, ಹೊರಗಿನ ನೀರು ಒಳಗೆ ಬರಬಾರದು. ಕಾಯುವುದು ಬರೀ ರಬ್ಬರು. ಆ ರಬ್ಬರಿಗೆ ವಯಸ್ಸಾಗಿದೆ."

ಸುಧೀಂದ್ರನ ಮೈ ಜುಮ್ಮೆಂದಿತು. "ಆಹಾ! ಅರ್ಥವಾಯಿತು ಗುರುಗಳೇ! ದೋಣಿಯೇ ದೇಹ, ಇಂಜಿನ್ನೇ ಆತ್ಮ, ಹೊಳೆಯೇ ಸಂಸಾರ..."

"ಅಲ್ಲ ಮಾರಾಯ. ದೋಣಿ ದೋಣಿಯೇ. ಪಾನಾ ಹಿಡಿ."

ಬಿಡಿಭಾಗಗಳ ಪೆಟ್ಟಿಗೆ ಸಿದ್ಧವಿತ್ತು. ಉಂಗುರದಂಥ ಆಯಿಲ್ ಸೀಲುಗಳು, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ದಪ್ಪ ರಬ್ಬರು, ಏಳು ಪೈಪು.

"ಸೀಲು ಮಾತ್ರ ಎರಡೆರಡು ಇವೆಯಲ್ಲ, ಯಾಕೆ?"

"ಯಾರಾದರೂ ಶಿಷ್ಯ ಬರ್ತಾನೆ ಅಂತ ಗೊತ್ತಿತ್ತು," ಅಂದರು ಗುರುಗಳು.

ಹುಣ್ಣಿಮೆಗೆ ಹನ್ನೆರಡು ದಿನ ಉಳಿದಿತ್ತು.

"ಅಷ್ಟರಲ್ಲಿ ಮುಗಿಯದಿದ್ದರೆ?"

"ಮುಂದಿನ ಮಾಘ ಉಂಟಲ್ಲ."

ಸುಧೀಂದ್ರ ಕೂಡಲೇ ಪಾನಾ ಎತ್ತಿಕೊಂಡ. ಮುಂದಿನ ಮಾಘದವರೆಗೆ ಕಾಯುವ ಬಲ ಅವನಲ್ಲಿ ಉಳಿದಿರಲಿಲ್ಲ.

ಮೊದಲ ಮೂರು ದಿನ ತುಕ್ಕು ಹಿಡಿದ ನಟ್ಟುಗಳ ಜೊತೆ ಹೋಯಿತು. ಸುಧೀಂದ್ರ ಒಂದೊಂದು ನಟ್ಟಿಗೂ ಒಂದೊಂದು ಸ್ತೋತ್ರ ಹೇಳಿದ. ನಟ್ಟು ಕದಲಲಿಲ್ಲ. ಮೂರನೆಯ ದಿನ ಪಾನಾ ಜಾರಿ ಬೆರಳು ಜಜ್ಜಿತು. ಆಗ ಸ್ತೋತ್ರದಲ್ಲಿ ಇಲ್ಲದ ಕೆಲವು ಶಬ್ದಗಳು ಬಾಯಿಂದ ಬಂದವು. ಗುಲಾಬಿಯಕ್ಕ ಕಿವಿ ಮುಚ್ಚಿಕೊಂಡಳು, ಆದರೆ ಪೂರ್ತಿ ಅಲ್ಲ.

ಗುರುಗಳು ತಲೆ ಎತ್ತಿದರು. "ಹಾಂ, ಈಗ ಕೆಲಸ ಶುರುವಾಯ್ತು." ಅಂತ ಹೇಳಿ ನಟ್ಟಿನ ಮೇಲೆ ಎರಡು ತೊಟ್ಟು ಸೀಮೆಎಣ್ಣೆ ಬಿಟ್ಟರು. ಅರ್ಧ ಗಂಟೆಯಲ್ಲಿ ನಟ್ಟು ಸಡಿಲಾಯಿತು.

"ಇದನ್ನು ಮೊದಲೇ ಹೇಳಬಾರದಿತ್ತೇ?"

"ನೀನು ಮೊದಲೇ ಕೇಳಬಾರದಿತ್ತಾ?"

ಆಮೇಲಿನ ಮೂರು ದಿನ ಹಲಗೆಯ ತೂತಿಗೆ ಮಡಿಕೆಯ ಹೊಸ ರಬ್ಬರು ಕೂರಿಸುವುದರಲ್ಲಿ ಹೋಯಿತು. ಏಳನೆಯ ದಿನ ಸುಧೀಂದ್ರ ಹೊಸ ಸೀಲುಗಳನ್ನು ತಾನೇ ಕೂರಿಸಿದ. ಗುರುಗಳು ಆಚೆ ದಡಕ್ಕೆ ಹೋಗಿದ್ದರು. ಅವರು ಬರುವಷ್ಟರಲ್ಲಿ ದೋಣಿ ನೀರಿಗಿಳಿದು, ಒಂದು ಗಂಟೆ ಇಂಜಿನ್ ಓಡಿ, ಗೂಟಕ್ಕೆ ಕಟ್ಟಿಕೊಂಡಿತ್ತು. ಪಕ್ಕದಲ್ಲಿ ಸುಧೀಂದ್ರ, ಮದುಮಗನ ಹಾಗೆ.

ದೋಣಿಯನ್ನು ಮತ್ತೆ ದಡಕ್ಕೆ ಎಳೆಸಿ, ಗುರುಗಳು ಹೊರಗಿನ ಕಾಲಿನ ಬಿರಡೆ ಬಿಚ್ಚಿ ಆಯಿಲನ್ನು ಒಂದು ಲೋಟಕ್ಕೆ ಇಳಿಸಿದರು. ಎಣ್ಣೆಯ ಬಣ್ಣ ಹೋಗಿ ಹಾಲು ಹಾಕಿದ ಚಹಾದ ಬಣ್ಣ ಬಂದಿತ್ತು.

"ಇದೆಂತ?"

"ಚಹಾ?" ಅಂದ ಸುಧೀಂದ್ರ, ದನಿ ಸಣ್ಣದು ಮಾಡಿ.

"ಎಣ್ಣೆಗೆ ಹೊಳೆ ಸೇರಿದೆ ಮಾರಾಯ."

ಸೀಲು ಬಿಚ್ಚಿದರು. ಅದರ ಒಳತುಟಿಯ ಸುತ್ತ ಕೆಂಪು. ಗುರುಗಳು ಬೆರಳಿಂದ ಉಜ್ಜಿ ನೋಡಿ, ಮೂಸಿ ನೋಡಿ, ಶಿಷ್ಯನ ಮುಖ ನೋಡಿದರು.

"ಹೊಸ ವಸ್ತುವಲ್ಲವೇ ಗುರುಗಳೇ," ಅಂದ ಸುಧೀಂದ್ರ. "ಪೂಜೆ ಮಾಡದೆ ಹೇಗೆ ಬಳಸುವುದು? ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಆರತಿ ಎತ್ತಿ..."

"ಆರತಿಯೂ ಆಯ್ತಾ!"

"ರಬ್ಬರಲ್ಲವೇ, ಸುಟ್ಟೀತು ಅಂತ ದೂರದಿಂದಲೇ ಎತ್ತಿದೆ."

ಗುರುಗಳು ಕಲ್ಲಿನ ಮೇಲೆ ಕೂತರು. "ಕುಂಕುಮ ಎಲ್ಲಿಗೆ ಇಡುವುದು?"

"ಹಣೆಗೆ."

"ಕಣ್ಣೊಳಗೆ ಹಾಕಿದರೆ?"

"ಉರಿಯುತ್ತದೆ."

"ಸೀಲಿಗೆ ಹಣೆ ಇಲ್ಲ. ಇದ್ದದ್ದೆಲ್ಲ ಕಣ್ಣೇ. ಪುಡಿ ಕೂತು ತುಟಿ ತರಿದು ಹೋಗಿದೆ."

ಸುಧೀಂದ್ರನ ಕಣ್ಣಲ್ಲಿ ನೀರು ಬಂತು. ಕುಂಕುಮದ್ದಲ್ಲ. "ಹಾಗಾದರೆ ಭಕ್ತಿ ತಪ್ಪೇ ಗುರುಗಳೇ?"

"ಭಕ್ತಿಯೆಂತ ತಪ್ಪು? ಒರೆಸಿ ಹಾಕು."

ಎರಡನೆಯ ಜೊತೆ ಸೀಲುಗಳು ಪೆಟ್ಟಿಗೆಯಿಂದ ಹೊರಗೆ ಬಂದವು. ಈ ಸಲ ಸುಧೀಂದ್ರ ಒರೆಸಿದ, ಗ್ರೀಸು ಸವರಿದ, ಕೈಯನ್ನು ಮನಸ್ಸಿನಲ್ಲೇ ಮುಗಿದ. ಮತ್ತೆ ಒಂದು ಗಂಟೆ ಇಂಜಿನ್ ಓಡಿಸಿ ಲೋಟಕ್ಕೆ ಇಳಿಸಿದ ಎಣ್ಣೆ ಎಣ್ಣೆಯಾಗೇ ಉಳಿಯಿತು. ಅವತ್ತು ಅವನು ಎರಡು ಸಲ ಅನ್ನ ಹಾಕಿಸಿಕೊಂಡ.

ಉಳಿದದ್ದು ಪೈಪುಗಳು. ಆರು ಪೈಪು ಕೈಗೆ ಸಿಗುವಲ್ಲಿದ್ದವು. ಹುಣ್ಣಿಮೆಯ ಮುನ್ನಾದಿನ ಮಧ್ಯಾಹ್ನದೊಳಗೆ ಆರೂ ಬದಲಾದವು.

ಏಳನೆಯದು ಇಂಜಿನ್ನಿನ ಹಿಂದೆ, ದೋಣಿಯ ತಳದಲ್ಲಿ. ಹೊಳೆಯ ನೀರನ್ನು ಇಂಜಿನ್ನಿಗೆ ತರುವುದೇ ಅದು. ಅಲ್ಲಿಗೆ ಕೈ ಹೋಗಬೇಕಾದರೆ ತಲೆಕೆಳಗಾಗಿ ಇಳಿಯಬೇಕು. ತಳದಲ್ಲಿ ಡೀಸೆಲ್ಲು, ಕೆಸರು, ಯಾವ ಕಾಲದಲ್ಲೋ ಸತ್ತ ಏಡಿ. ಸುಧೀಂದ್ರ ಮೂರು ಸಲ ತಲೆ ಹಾಕಿ, ಮೂರು ಸಲವೂ ಓಕರಿಸುತ್ತ ಮೇಲೆ ಬಂದ.

ನಾಲ್ಕನೆಯ ಸಲ ಹೆಬ್ಬೆರಳಿಂದ ಹಳೆಯ ಪೈಪನ್ನು ಒತ್ತಿ ನೋಡಿದ. ಸಣ್ಣ ಸಣ್ಣ ಬಿರುಕು. ಆದರೆ ಸೋರುತ್ತಿರಲಿಲ್ಲ.

ಆಮೇಲೆ ಅವನ ತಲೆ ಓಡಿತು. ಓದಿದವರ ತಲೆ, ಇಂಥ ಹೊತ್ತಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಸೋರದ್ದನ್ನು ಯಾಕೆ ಬಿಚ್ಚಬೇಕು? ಒಂದು ಬೆಳಿಗ್ಗೆಯ ಮಟ್ಟಿಗೆ ತಡೆದರೆ ಸಾಕಲ್ಲ? ಉಪದೇಶ ಆದ ಮೇಲೆ ನಿಧಾನವಾಗಿ ಬದಲಿಸಿದರೆ ಆಗದೇ?

ಬಟ್ಟೆಗೆ ತೆಂಗಿನೆಣ್ಣೆ ಹಾಕಿ ಹಳೆಯ ಪೈಪನ್ನು ಉಜ್ಜಿದ. ಹೊಸದರ ಹಾಗೆ ಕರ್ರಗೆ ಮಿಂಚಿತು.

ಹೊಸ ಏಳನೆಯ ಪೈಪು ಕೈಯಲ್ಲೇ ಉಳಿಯಿತಲ್ಲ, ಅದನ್ನೇನು ಮಾಡುವುದು? ಗುಲಾಬಿಯಕ್ಕ ಬಸಳೆಗೆ ನೀರು ಬಿಡುತ್ತಿದ್ದಳು. ನಲ್ಲಿಯ ಪೈಪು ಬುಡದವರೆಗೆ ಮುಟ್ಟದೆ ಒಂದು ಮೊಳ ಕಡಿಮೆ ಬೀಳುತ್ತಿತ್ತು.

"ಗುಲಾಬಿಯಕ್ಕ, ಇದು ಹೆಚ್ಚಾಗಿ ಉಳಿದದ್ದು. ನಿಮಗೆ ಬೇಕಾ?"

"ಅಯ್ಯೋ ದೇವರೇ, ಬೇಡ ಅಂತೇನಾ! ಮೊದಲ ಸಲ ಒಬ್ಬ ಶಿಷ್ಯನಿಂದ ಉಪಕಾರ ಆಯ್ತು ನೋಡು."

ಸಂಜೆ ಗುರುಗಳು ಕೇಳಿದರು. "ಏಳೂ ಆಯ್ತಾ?"

"ಏಳೂ ಆಯಿತು ಗುರುಗಳೇ."

ಊಟಕ್ಕೆ ಬಸಳೆ ಸಾರು. ಗುರುಗಳು ಸುರಿದುಕೊಂಡು ಉಂಡರು. "ಬಸಳೆ ಚೆಂದ ಉಂಟು ಗುಲಾಬಿ."

"ಇನ್ನೂ ಚೆಂದ ಆಗ್ತದೆ ಸ್ವಾಮಿ. ಇವತ್ತಿಂದ ನೀರು ಸರೀ ಬುಡಕ್ಕೇ ಬೀಳ್ತದೆ."

ಸುಧೀಂದ್ರ ಎತ್ತಿದ ತುತ್ತನ್ನು ಎಲೆಗೆ ಇಳಿಸಿದ.

"ಹೌದಾ," ಅಂದರು ಗುರುಗಳು. "ಸ್ವಲ್ಪ ಅನ್ನ ಹಾಕು."

ಬದುಕಿದೆಯಾ ಬಡಜೀವವೇ ಎಂದು ಸುಧೀಂದ್ರ ನೀರು ಕುಡಿದ.

ಹುಣ್ಣಿಮೆಯ ಬೆಳಿಗ್ಗೆ. ಹೊಳೆ ತಿಳಿಯಾಗಿತ್ತು. ಸುಧೀಂದ್ರ ಮಿಂದು, ಅಕ್ಕ ಕೊಟ್ಟ ಪಟ್ಟೆ ಶಾಲು ಹೊದ್ದು ಬಂದ. ಗುರುಗಳು ಒಂದು ಬಟ್ಟೆಯ ಗಂಟು, ಒಂದು ತೆಂಗಿನ ಗೆರಟೆ ಹಿಡಿದು ದೋಣಿ ಹತ್ತಿದರು. ಗಂಟಿನಲ್ಲಿ ಪೂಜೆಯ ಸಾಮಾನು ಇರಬೇಕು ಎಂದುಕೊಂಡ.

ಇಂಜಿನ್ ಒಂದೇ ಸಲಕ್ಕೆ ಹೊತ್ತಿತು. ದೋಣಿ ಹೊರಟಿತು.

ಸುಧೀಂದ್ರನ ಕೈ ಚುಕ್ಕಾಣಿಯ ಮೇಲೆ, ಕಿವಿ ಇಂಜಿನ್ನಿನ ಹಿಂದೆ. ಗುರುಗಳು ಪದ್ಮಾಸನ ಹಾಕಿ ಕೂತು ನೀರುಕಾಗೆ ನೋಡುತ್ತಿದ್ದರು. ಅವರ ತೆಳ್ಳಗಿನ ಕಾಲು ಕಂಡಿತು. ಈ ಕಾಲು ನೀರಲ್ಲಿ ಎರಡು ಸಲವೂ ಬಡಿಯಲಿಕ್ಕಿಲ್ಲ ಅಂತ ಅವನಿಗೆ ಅನ್ನಿಸಿತು.

ನಡು ಹೊಳೆ ಬಂತು.

"ಇಂಜಿನ್ ನಿಲ್ಲಿಸು," ಅಂದರು ಗುರುಗಳು. ಲಂಗರು ಇಳಿಸಿದರು. "ಹತ್ತಿರ ಬಾ. ಕಿವಿ ಕೊಡು."

ಮೂರು ಆಶ್ರಮ ಸುತ್ತಿ, ಹನ್ನೆರಡು ದಿನ ಗ್ರೀಸಿನಲ್ಲಿ ಹೊರಳಿ, ಅವನು ಕಾದದ್ದು ಈ ಮಾತಿಗೆ. ಬಗ್ಗಿದ. ಸದ್ದಿಲ್ಲದ ಹೊಳೆಯಲ್ಲಿ ದೋಣಿಯ ತಳದಿಂದ ಸ್ಪಷ್ಟವಾಗಿ ಕೇಳಿತು.

ಟಪ್. ಟಪ್. ಟಪ್.

ಸುಧೀಂದ್ರ ಕಿವಿ ಹಿಂದಕ್ಕೆ ಎಳೆದುಕೊಂಡ.

"ಬೇಡ ಗುರುಗಳೇ!"

"ಎಂತ ಬೇಡ?"

"ಉಪದೇಶ ಬೇಡ. ಏಳನೆಯ ಪೈಪು ಹಳೆಯದೇ. ಎಣ್ಣೆ ಉಜ್ಜಿ ಮಿಂಚಿಸಿದೆ. ನಿಮಗೆ ಸುಳ್ಳು ಹೇಳಿದೆ. ನಿಮಗೆ ಈಜು ಬರುವುದಿಲ್ಲ ಅಂತ ಗೊತ್ತಿದ್ದೂ ಕೂರಿಸಿಕೊಂಡು ಬಂದೆ." ಅವನು ಅಳುತ್ತಿದ್ದ. "ದಮ್ಮಯ್ಯ, ಮೊದಲು ನಿಮ್ಮನ್ನು ದಡ ಮುಟ್ಟಿಸುತ್ತೇನೆ. ಆಮೇಲೆ ನಾನು ನನ್ನ ಊರಿಗೆ ಹೋಗುತ್ತೇನೆ."

ಗುರುಗಳು ಗಂಟು ಬಿಚ್ಚಿದರು. ಒಳಗೆ ಹೊಸ ಪೈಪು, ಬಸಳೆ ಬುಡದ ಮಣ್ಣು ಇನ್ನೂ ಒಣಗಿರಲಿಲ್ಲ. ಎರಡು ಕ್ಲಿಪ್ಪು, ಒಂದು ಸ್ಕ್ರೂಡ್ರೈವರು.

"ಬಸಳೆಗೆ ಒಂದು ದಿನ ನೀರಿಲ್ಲದಿದ್ದರೆ ಅಡ್ಡಿಲ್ಲ," ಅಂದರು. "ಇಳಿ."

"ಇಲ್ಲಿಯೇ?"

"ಮತ್ತೆ? ಸೋರುವುದು ಇಲ್ಲಿಯೇ ಅಲ್ವಾ?"

ಸುಧೀಂದ್ರ ತಲೆಕೆಳಗಾಗಿ ಇಳಿದ. ಡೀಸೆಲ್ಲು, ಕೆಸರು, ಏಡಿ, ಯಾವುದೂ ಈಗ ಮೂಗಿಗೆ ಬಡಿಯಲಿಲ್ಲ. ಹಳೆಯ ಪೈಪು ಎಳೆದದ್ದೇ ಹೊಳೆ ಚಿಮ್ಮಿ ಮುಖಕ್ಕೆ ಬಡಿಯಿತು.

"ಗುರುಗಳೇ, ನೀರು!"

"ಏನಾದರೂ ತುರುಕು!"

ಕೈಗೆ ಸಿಕ್ಕಿದ್ದು ಪಟ್ಟೆ ಶಾಲು. ಒಂದು ಕ್ಷಣ ಅಕ್ಕನ ಮುಖ ನೆನಪಾಯಿತು. ತುರುಕಿದ.

ಮೇಲೆ ಗುರುಗಳು ಗೆರಟೆಯಲ್ಲಿ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಕುದುರಿನಿಂದ ಗುಲಾಬಿಯಕ್ಕನ ಕೂಗು ಬಂತು.

"ಸ್ವಾಮೀ, ಎಂತ ಆಗ್ತಾ ಉಂಟು ಅಲ್ಲಿ?"

"ಉಪದೇಶ!" ಎಂದು ಗುರುಗಳು ಕೂಗಿದರು.

ಶಾಲು ಎಳೆದು, ಹೊಸ ಪೈಪು ಒತ್ತಿ, ಕ್ಲಿಪ್ಪು ಬಿಗಿದು, ಸುಧೀಂದ್ರ ಹಾಗೇ ತಲೆಕೆಳಗಾಗಿ ಕಾದ. ಒಂದು ಹನಿ ಇಲ್ಲ. ಇನ್ನೂ ಕಾದ. ಇಲ್ಲ.

ಮೇಲೆ ಬಂದಾಗ ಅವನ ಮುಖದಲ್ಲಿ ಕಣ್ಣು ಬಿಟ್ಟು ಉಳಿದದ್ದೆಲ್ಲ ಕಪ್ಪು. ಗುರುಗಳ ಕಾವಿ ಸೊಂಟದವರೆಗೆ ಒದ್ದೆ. ಇಬ್ಬರೂ ಏದುಸಿರು ಬಿಡುತ್ತ ಕೂತರು.

"ಪೈಪು ಬಸಳೆಯ ಬುಡದಲ್ಲಿದ್ದದ್ದು ನಿಮಗೆ ನಿನ್ನೆಯೇ ಗೊತ್ತಾಗಿತ್ತು," ಅಂದ ಸುಧೀಂದ್ರ.

"ಹೂಂ."

"ಈಜು ಬಾರದು."

"ಬಾರದು."

"ಮತ್ತೆ ಯಾವ ಧೈರ್ಯದ ಮೇಲೆ ಈ ದೋಣಿ ಹತ್ತಿದಿರಿ ಗುರುಗಳೇ?"

ಗುರುಗಳು ಗೆರಟೆ ಕೆಳಗಿಟ್ಟರು. ಗ್ರೀಸು ಮೆತ್ತಿದ ಕೈಯಿಂದ ಶಿಷ್ಯನ ತಲೆಯನ್ನು ಹತ್ತಿರ ಎಳೆದುಕೊಂಡು, ಮೂರನೆಯವರಿಗೆ ಕೇಳದ ಹಾಗೆ ಅವನ ಕಿವಿಯಲ್ಲಿ ಹೇಳಿದರು.

"ನಾನು ಪೈಪನ್ನು ನಂಬಿ ಹತ್ತಿದ್ದಲ್ಲ ಮಾರಾಯ."