ನಿಲ್ಲದ ಕಾರು

ಕೇಳಿ ಮಕ್ಕಳೇ, ಹೊನ್ನೆಮರಡಿ ಕಾಡಿನ ಗುಡ್ಡದ ಮೇಲೆ ಜಾಂಬಯ್ಯ ಅಂತ ಒಬ್ಬ ಕರಡಿ ಇದ್ದ. ಅವನ ಹತ್ತಿರ ಅಜ್ಜನ ಕಾಲದ ಒಂದು ಕಾರಿತ್ತು. ದಪ್ಪ ತಗಡು, ಗುಂಡನೆಯ ದೀಪ, 'ಭೋಂ' ಅನ್ನುವ ಹಾರನ್ನು. ಆ ಕಾರಿನ ಬಗ್ಗೆ ಯಾರಾದರೂ ಒಂದು ಮಾತು ಅಂದರೆ ಸಾಕು, ಜಾಂಬಯ್ಯನಿಗೆ ಮೂಗಿನ ತುದಿಯಲ್ಲೇ ಕೋಪ!

ಒಮ್ಮೆ ಗುಡ್ಡದ ಕೆಳಗೆ, ಕೆರೆ ದಂಡೆಯಲ್ಲಿ ಮರಿಗಳಿಗೊಂದು ಶಾಲೆ ತೆರೆಯಿತು. ಅವುಗಳನ್ನು ದಿನಾ ಕರೆದೊಯ್ಯಲು ಕಾರು ಬೇಕಾಯಿತು. ಜಾಂಬಯ್ಯ ಎದೆಯುಬ್ಬಿಸಿ ಮುಂದೆ ಬಂದ. ಅಷ್ಟರಲ್ಲಿ ಚಿರತೆ ಚೆಲುವ ತನ್ನ ಹೊಸ ಸ್ಪೋರ್ಟ್ಸ್ ಕಾರು ತಂದು ಪಕ್ಕದಲ್ಲೇ ನಿಲ್ಲಿಸಿದ.

"ಇದೇನೋ ಇದು! ಇದರಲ್ಲಿ ಮೊಲದ ಮರಿಯೂ ಕಾಲು ಮಡಚಿ ಕೂರಬೇಕು," ಅಂದ ಜಾಂಬಯ್ಯ.

"ನಾಲ್ಕು ಸಲ ಹೋಗಿ ಬರ್ತೀನಿ ಬಿಡಿ ಮಾಮ."

ಸರಿ, ಗುಡ್ಡದಿಂದ ಶಾಲೆಯವರೆಗೆ ಓಡಿಸಿ ನೋಡೋಣ, ಯಾವುದು ಮೇಲೋ ಗೊತ್ತಾಗಲಿ ಅಂತ ಎಲ್ಲರೂ ಒಪ್ಪಿದರು.

"ಮಾಮ, ಎಷ್ಟು ಬೇಗ ನಿಲ್ಲುತ್ತೆ ಅನ್ನೋದನ್ನೂ ನೋಡೋಣ. ನಿಮ್ಮ ಬ್ರೇಕು ಯಾಕೋ ಕಿರುಚುತ್ತೆ," ಅಂದ ಚೆಲುವ.

"ನಿಲ್ಲೋದರಲ್ಲಿ ಪೈಪೋಟಿನಾ? ಓಡೋಕೆ ಆಗದವರು ಆಡೋ ಮಾತಪ್ಪ ಅದು!" ಜಾಂಬಯ್ಯ ಹೊಟ್ಟೆ ಹಿಡಿದು ನಕ್ಕ. ಮಂಗಗಳೂ ಕಿಸಕ್ಕನೆ ನಕ್ಕವು.

ಓಟ ಶುರುವಾಯಿತು. ಹೊಸ ಕಾರು ಸುಂಯ್ ಅಂತ ಕಣ್ಮರೆಯಾಯಿತು. ಜಾಂಬಯ್ಯ ದಂಗಾದ. "ಅಯ್ಯೋ ಶಿವನೇ! ಇದೇನು ಕಾರೋ, ಗಾಳಿಯೋ?" ಆದರೆ ಇಳಿಜಾರಿನ ತಿರುವುಗಳಲ್ಲಿ ಚೆಲುವ ವೇಗ ತಗ್ಗಿಸಿದ. ಜಾಂಬಯ್ಯ ತಗ್ಗಿಸಲಿಲ್ಲ. ಧೂಳೆಬ್ಬಿಸಿ ಅವನನ್ನು ಹಿಂದೆ ಹಾಕಿ, ಶಾಲೆ ಕಂಡೊಡನೆ ಖುಷಿಯಿಂದ 'ಭೋಂ' ಅಂತ ಹಾರನ್ ಒತ್ತಿದ.

ಹಾರನ್ ಕೇಳಿ, ಶಾಲೆಯ ಮುಂದೆ ಕಾಯುತ್ತಿದ್ದ ಅವನ ಮಗಳು ಜೇನಿ ಚಪ್ಪಾಳೆ ತಟ್ಟುತ್ತಾ ದಾರಿಯ ನಡುವಿಗೇ ಓಡಿ ಬಂದಳು.

ಜಾಂಬಯ್ಯ ಬ್ರೇಕು ಒತ್ತಿದ. ಕಾರು ಕಿರುಚಿತು, ನಿಲ್ಲಲಿಲ್ಲ. ಎರಡೂ ಕಾಲಿನಿಂದ ಒತ್ತಿದ. ಊಹೂಂ! "ಮಗಳೇ, ಪಕ್ಕಕ್ಕೆ ಹೋಗು! ಆ ಕಡೆ ಓಡು!" ಅಂತ ಕೂಗಿದ.

ಆಗ ಹಿಂದೆ ಬರುತ್ತಿದ್ದ ಚೆಲುವ ಪಕ್ಕದಿಂದ ನುಗ್ಗಿ ಬಂದ. ಹಳೇ ಕಾರಿನ ಮುಂದೆ ತನ್ನ ಕಾರನ್ನು ಅಡ್ಡ ಹಾಕಿ ಥಟ್ಟನೆ ನಿಲ್ಲಿಸಿದ. ಧಡಾರ್! ಹಳೇ ಕಾರು ಅದಕ್ಕೆ ಗುದ್ದಿ, ಅದನ್ನು ನೂಕುತ್ತಾ ಹೋಗಿ ನಿಂತಿತು. ಹೊಸ ಕಾರಿಗೂ ಜೇನಿಯ ಮೂಗಿಗೂ ನಡುವೆ ಉಳಿದದ್ದು ಒಂದೇ ಗೇಣು.

ಚೆಲುವ ಕಿಟಕಿಯಿಂದ ತೆವಳಿ ಹೊರಬಂದ. ಜಾಂಬಯ್ಯ ತನ್ನ ಕಾರಿನಿಂದ ಕೆಳಕ್ಕೆ ಹಾರಿದ.

"ಗೆದ್ದಿದ್ದು ಯಾರು?" ಮರದ ಮೇಲಿಂದ ಒಂದು ಮಂಗ ಕೂಗಿತು.

"ಆ ಗೆಲುವಿಗಿಷ್ಟು ಬೆಂಕಿ ಬೀಳ!" ಅನ್ನುತ್ತಾ ಜಾಂಬಯ್ಯ ಓಡಿ ಹೋಗಿ ಮಗಳನ್ನು ಅಪ್ಪಿಕೊಂಡ. "ಅಡ್ಡ ಯಾಕೆ ಬಂದೆ, ನನ್ನ ತಾಯಿ?"

"ನನ್ನ ನೋಡಿದ್ರೆ ನೀನು ನಿಲ್ಲಿಸ್ತೀಯ ಅಂದ್ಕೊಂಡೆ, ಅಪ್ಪಾ."

ಜಾಂಬಯ್ಯ ಗಳಗಳನೆ ಅತ್ತುಬಿಟ್ಟ.

ನೀತಿ: ನಮ್ಮದೇ ಮೇಲು ಎಂಬ ಹೆಮ್ಮೆಯಲ್ಲಿ, ಕೊರತೆ ತೋರಿಸಿದವರನ್ನು ಕಂಡು ನಗಬಾರದು, ಆ ನಗುವಿಗೆ ನಮ್ಮವರೇ ಬೆಲೆ ತೆರಬೇಕಾದೀತು.