ಬೇಡ ಎನ್ನುವ ಸರದಿ

"ಗುರುಗಳೇ, ಬೆಟ್ಟನಾಡಿನವರು ಇವತ್ತಿಗೂ ಆ ಒಂದು ದಿನದ ಮಾತನ್ನೇ ಆಡುತ್ತಾರೆ. ಒಂದು ದಿನ ಫೋನು ಇಲ್ಲದಿದ್ದರೆ ಏನು ಮುಳುಗಿಹೋಗುತ್ತದೆ?" ಎಂದು ಚೆನ್ನವೀರ ಕೇಳಿದ. ಅವನು ಬಯಲುಸೀಮೆಯ ಮಠವೊಂದರ ಶಿಷ್ಯ. ಬೆಟ್ಟನಾಡನ್ನು ದೂರದಿಂದ ನೋಡಿದ್ದನೇ ಹೊರತು ಹತ್ತಿದವನಲ್ಲ.

ಗುರುಗಳು ಒಂದು ಕತೆ ಹೇಳಿದರು.

ಬೆಟ್ಟನಾಡು ಆಗ ತನ್ನನ್ನು ತಾನೇ ಆಳಿಕೊಳ್ಳುತ್ತಿತ್ತು. ಬಯಲಿನ ಸರ್ಕಾರಕ್ಕೂ ಅದಕ್ಕೂ ಹಳೆಯದೊಂದು ಒಪ್ಪಂದವಿತ್ತು. ಅಲ್ಲಿನ ಕಾಡು, ನೀರು, ಹುಲ್ಲುಗಾವಲಿನ ಮಾತೆಲ್ಲ ಬೆಟ್ಟದವರ ಕೂಟದಲ್ಲೇ ತೀರ್ಮಾನವಾಗಬೇಕು. ಆ ಒಪ್ಪಂದವನ್ನು ಬದಲಿಸಬೇಕಾದರೂ ಕೂಟವೇ ಒಪ್ಪಬೇಕು.

ಕೂಟಕ್ಕೆ ಒಂದು ಪದ್ಧತಿ ಇತ್ತು. ಎಲ್ಲರೂ ಹೂಂ ಎನ್ನುವ ಮಾತಿಗೂ ಒಬ್ಬ ಬೇಡ ಎನ್ನಲೇಬೇಕು. ಅವನು ತನಗೆ ತೋಚಿದ ಕಾರಣ ಹೇಳಬೇಕು, ಉಳಿದವರು ಅದಕ್ಕೆ ಉತ್ತರ ಕೊಡಬೇಕು. ಉತ್ತರ ಕೊಡಲಾಗದಿದ್ದರೆ ಆ ವಿಷಯ ಅಲ್ಲಿಗೇ ಬಿದ್ದುಹೋಯಿತು. ಹೆದರಿಕೆಗೋ ದಾಕ್ಷಿಣ್ಯಕ್ಕೋ ತಲೆಯಾಡಿಸುವುದು ಮನುಷ್ಯನ ಸ್ವಭಾವ ಎಂಬುದು ಅವರ ಹಿರಿಯರಿಗೆ ಗೊತ್ತಿತ್ತು. ಬೇಡ ಎನ್ನುವ ಈ ಕೆಲಸ ವರ್ಷಕ್ಕೊಂದು ಮನೆಗೆ ಸರದಿಯಂತೆ ಬರುತ್ತಿತ್ತು. ಸರದಿಯವನು ತಾನಾಗಿ ಕೂಟಕ್ಕೆ ಬರುವಂತಿಲ್ಲ. ಬಂದರೆ ಅವನನ್ನು ಜಗಳಗಂಟ ಎನ್ನುತ್ತಿದ್ದರು. ಕೂಟವೇ ಆಳು ಕಳಿಸಿ ಕರೆಸಬೇಕು, ಅವನು ಬಂದು ಕೂರುವವರೆಗೆ ಯಾವ ತೀರ್ಮಾನವನ್ನೂ ಮಾಡಬಾರದು.

ಫೋನು ಬಂದ ಮೇಲೆ, ಆಳಿಗೆ ಬೆಟ್ಟ ಹತ್ತಿ ಇಳಿಯುವ ಕಷ್ಟ ಯಾಕೆ ಎಂದು ಅವರಿಗೇ ಅನ್ನಿಸಿತು. ಇನ್ನು ಫೋನು ಮಾಡಿದರೆ ಸಾಕು, ಮೂರು ಸಲ ಮಾಡಿದರೂ ಸರದಿಯವನು ಓಗೊಡದಿದ್ದರೆ ಅವನ ತಕರಾರೇನೂ ಇಲ್ಲ ಎಂದು ನಿಯಮ ಮಾಡಿಕೊಂಡರು. ಆಗ ಸರದಿಯಲ್ಲಿದ್ದ ಮುದುಕಿಯೊಬ್ಬಳು ಪದ್ಧತಿಯಂತೆ ಬೇಡ ಎಂದಳು. "ಆಳು ಬಂದ್ರೆ ಜ್ವರ ಬಂದು ಮಲಗಿದೀನೋ ಸತ್ತಿದೀನೋ ನೋಡ್ತಾನೆ. ಫೋನು ನೋಡತ್ತಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನಗು ಉತ್ತರವಲ್ಲ. ಆದರೂ ಮಾತು ಮುಗಿಯಿತು.

ಮುಂದೆ ಒಂದು ವರ್ಷ ಸರದಿ ಒಬ್ಬ ಕಂಬಳಿ ನೇಕಾರನಿಗೆ ಬಂತು. ಅವನ ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಒಣಹಾಕಿದ ಉಣ್ಣೆಯನ್ನು ಪಕ್ಕದ ಮನೆಯ ಮೇಕೆ ತುಳಿದು ಹಾಳುಮಾಡಿದರೂ "ಹೋಗಲಿ ಬಿಡಿ, ಅದಕ್ಕೇನು ಗೊತ್ತು" ಎನ್ನುವ ಮನುಷ್ಯ. ಅಂಥವನು ವರ್ಷವಿಡೀ ಬೇಡ ಎನ್ನಬೇಕಾಯಿತು. ಸೇತುವೆ ಬೇಡ ಎಂದ. ಶಾಲೆಗೆ ಹೊಸ ಹೆಂಚು ಬೇಡ ಎಂದ. ಹಬ್ಬದೂಟಕ್ಕೆ ಎರಡನೆಯ ಸಿಹಿ ಬೇಡ ಎಂದ. ಎಲ್ಲಕ್ಕೂ ಉತ್ತರ ಸಿಕ್ಕಿತು, ಎಲ್ಲವೂ ನಡೆದವು. ಆದರೆ ಜನರ ಮನಸ್ಸಿನಲ್ಲಿ ಸ್ವಲ್ಪ ಕಹಿ ಉಳಿಯಿತು. "ಬ್ಯಾಡಣ್ಣ ಬಂದ, ದಾರಿ ಬಿಡ್ರಪ್ಪ" ಎಂದು ಹಿಂದಿನಿಂದ ತಮಾಷೆ ಮಾಡುತ್ತಿದ್ದರು. ತಾವೇ ಒಪ್ಪಿಸಿದ ಕೆಲಸಕ್ಕೆ ಅವನನ್ನೇ ಬೈಯುವುದು ಸರಿಯಲ್ಲ ಎಂದು ಅವರಿಗೂ ಗೊತ್ತಿತ್ತು; ಗೊತ್ತಿದ್ದದ್ದನ್ನೆಲ್ಲ ಜನ ನಡೆಸುತ್ತಾರೆಯೇ? ನಾಮಕರಣಕ್ಕೆ ಕರೆಯಲು ಮರೆತರು, ಗೃಹಪ್ರವೇಶಕ್ಕೆ ಕರೆಯಲು ಮರೆತರು. ಈ ಸರದಿ ಒಮ್ಮೆ ಮುಗಿದರೆ ಸಾಕು ಎಂದು ಅವನು ಮಗ್ಗದ ಮುಂದೆ ಒಬ್ಬನೇ ಕೂತು ದಿನ ನೂಕುತ್ತಿದ್ದ.

ವರ್ಷ ಮುಗಿಯುತ್ತ ಬಂದಾಗ ಒಂದು ಸುದ್ದಿ ಹಬ್ಬಿತು. ಬೆಟ್ಟನಾಡನ್ನು ಬಯಲಿನ ಜಿಲ್ಲೆಗೆ ಸೇರಿಸಿ ಕೂಟವನ್ನು ಮುಚ್ಚುತ್ತಾರಂತೆ. ಕೂಟದ ಒಪ್ಪಿಗೆ ಪಡೆಯಲು ಸರ್ಕಾರದ ಅಧಿಕಾರಿಯೊಬ್ಬ ಬರುತ್ತಾನಂತೆ.

ನೇಕಾರ ಮೊದಲ ಸಲ ತನ್ನ ಸರದಿಯನ್ನು ಪ್ರೀತಿಸಿದ. ಇಷ್ಟು ದಿನ ಅಂದ ಬೇಡಗಳೆಲ್ಲ ಪದ್ಧತಿಯವು, ಇದೊಂದು ಅವನದು. ಲಾಳಿ ಆಡಿಸುತ್ತ ಅದನ್ನು ಹೇಳಿಕೊಂಡ, ಒಲೆ ಊದುತ್ತ ಹೇಳಿಕೊಂಡ. ಕಾರಣಗಳನ್ನು ಜೋಡಿಸಿದ, ಬಿಟ್ಟ, ಮತ್ತೆ ಜೋಡಿಸಿದ. ಕೊನೆಗೆ ಒಂದು ಕಾರಣ ಉಳಿಯಿತು: "ನಾವು ತಪ್ಪು ಮಾಡಿದ್ರೆ ನಮ್ಮ ಜನ ನಮ್ಮ ಬಾಗಿಲಿಗೆ ಬಂದು ಬೈತಾರೆ. ನೀವು ತಪ್ಪು ಮಾಡಿದ್ರೆ ನಾವು ಯಾರ ಬಾಗಿಲಿಗೆ ಹೋಗೋಣ?" ಇದಕ್ಕೆ ಯಾರೂ ಉತ್ತರ ಕೊಡಲಾರರು ಎಂದು ಅವನಿಗೆ ಖಾತ್ರಿಯಾಯಿತು.

ನಾಳೆಯೇ ಕೂಟ ಎಂದು ಗೊತ್ತಾಯಿತು. ಬೆಳಗಾಗುತ್ತಲೇ ಅವನು ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಫೋನನ್ನು ಪಕ್ಕದಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತ. ಸದ್ದಿನಲ್ಲಿ ಕರೆ ಕೇಳಿಸದೆ ಹೋದೀತು ಎಂದು ಮಗ್ಗಕ್ಕೆ ಕೈ ಹಾಕಲಿಲ್ಲ. ನೀರು ತರಲೂ ಹೋಗಲಿಲ್ಲ.

ಫೋನು ಸದ್ದು ಮಾಡಲಿಲ್ಲ. ಅವನು ಅದನ್ನು ಅಂಗಿಯ ತುದಿಯಿಂದ ಒರೆಸಿದ. ಆರಿಸಿ ಮತ್ತೆ ಹಚ್ಚಿದ. ಅಂಗಳದ ಕಲ್ಲು ಹತ್ತಿ ಮೇಲೆತ್ತಿ ಹಿಡಿದ. ತನ್ನದೇ ಕೆಟ್ಟಿದೆ ಎಂದು ಒಮ್ಮೆ ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಬೇರೆ ಅನುಮಾನ ಹುಟ್ಟಿತು. ಇವನ ಬೇಡ ಕೇಳಿ ಕೇಳಿ ಸಾಕಾಗಿದೆ, ಇವತ್ತೊಂದು ದಿನ ಇವನನ್ನು ಬಿಟ್ಟೇ ಮುಗಿಸೋಣ ಎಂದು ಕೂಟದವರು ಅಂದುಕೊಂಡಿರಬಹುದು. ಹಾಗಿರಲಿಕ್ಕಿಲ್ಲ ಎಂದು ಸಮಾಧಾನ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಸತ್ತ ದಿನವೂ ಅವನು ಇಷ್ಟು ಒಂಟಿಯಾಗಿರಲಿಲ್ಲ. ಆ ದಿನ ಜನ ಬಂದಿದ್ದರು.

ಇಳಿಹೊತ್ತಿನಲ್ಲಿ ಮೇಕೆ ಹುಡುಕುತ್ತ ಬಂದ ಪಕ್ಕದ ಮನೆಯವಳು ಬೇಲಿಯಾಚೆ ನಿಂತು, "ಅಣ್ಣಾ, ನಿಮ್ಮ ಫೋನಾದ್ರೂ ಹತ್ತತ್ತಾ? ಬೆಟ್ಟದಲ್ಲಿ ಬೆಳಿಗ್ಗೆಯಿಂದ ಯಾರದೂ ಇಲ್ವಂತೆ" ಎಂದಳು.

ಅವನು ಕರೆಯಿಲ್ಲದೆ ಹೊರಟ. ಜಗಳಗಂಟ ಎನ್ನುವವರು ಎನ್ನಲಿ ಎಂದು ಏರುದಾರಿಯಲ್ಲಿ ಓಡಿದ.

ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅಧಿಕಾರಿ ಮಧ್ಯಾಹ್ನಕ್ಕೆ ಮೊದಲೇ ಪೊಲೀಸರೊಂದಿಗೆ ಬಂದಿದ್ದ. ಕೈ ಮುಗಿದು, "ನಿಮ್ಮ ಪದ್ಧತಿಯನ್ನು ನಾನು ಮೀರಲಾರೆ. ಸರದಿಯವರನ್ನು ಕರೆಯಿರಿ" ಎಂದಿದ್ದ. ಕರೆದರು. ಬೆಳಗಿನ ಜಾವವೇ ಬೆಟ್ಟದ ಫೋನುಗಳನ್ನೆಲ್ಲ ನಿಲ್ಲಿಸಿದ್ದು ಅವನ ಸರ್ಕಾರವೇ. ಮೂರು ಸಲವೂ ಕರೆ ಹೋಗಲಿಲ್ಲ. ಆಳು ಕಳಿಸೋಣ ಎಂದು ಒಬ್ಬರು ಮೆಲ್ಲನೆ ಅಂದರು. "ಮೂರು ಸಲ ಸಾಕು ಎಂದು ನಿಯಮ ಮಾಡಿದವರು ನೀವೇ ಅಲ್ಲವೇ? ಮೌನಂ ಸಮ್ಮತಿ ಲಕ್ಷಣಂ" ಎಂದು ಅಧಿಕಾರಿ ನಕ್ಕ. ಬಾಗಿಲಲ್ಲಿ ಪೊಲೀಸರು ನಿಂತಿದ್ದರು. ಕೂಟದ ಹಿರಿಯರೆಲ್ಲ ತಲೆ ತಗ್ಗಿಸಿ ಕೂತಿದ್ದರು. ಅವರಲ್ಲಿ ಯಾರಾದರೂ ಬೇಡ ಎನ್ನಬಹುದಿತ್ತು. ಅದು ತಮ್ಮ ಸರದಿಯಲ್ಲ ಎಂದು ಪ್ರತಿಯೊಬ್ಬರೂ ಸುಮ್ಮನಿದ್ದರು.

ನೇಕಾರ ಬಂದಾಗ ಕೂಟದ ಮನೆಗೆ ಬೀಗ ಬಿದ್ದಿತ್ತು. ಗೋಡೆಗೆ ಜಿಲ್ಲೆಯ ಹೆಸರಿನ ಹೊಸ ಹಲಗೆ ಹೊಡೆದಿದ್ದರು. ಬಾಗಿಲಲ್ಲಿ ಬಯಲಿನ ಪೊಲೀಸನೊಬ್ಬ ಕಾವಲಿದ್ದ.

"ಏನು ಕೆಲಸ?" ಎಂದು ಅವನು ಕೇಳಿದ.

"ಬೇಡ ಅಂತ ಹೇಳೋದಿತ್ತು," ಎಂದ ನೇಕಾರ.

"ಯಾರಿಗೆ?"

ನೇಕಾರ ಬೀಗ ನೋಡಿದ, ಪೊಲೀಸನನ್ನು ನೋಡಿದ. ವಯಸ್ಸಿನಲ್ಲಿ ಚಿಕ್ಕವನು, ಚಳಿಗೆ ಮುದುರಿ ನಿಂತಿದ್ದ. ಇವನಿಗೆ ಹೇಳಿ ಏನು ಪ್ರಯೋಜನ? ಅಷ್ಟು ದಿನ ಬಾಯಿಪಾಠ ಮಾಡಿದ್ದ ಮಾತನ್ನು ಹೊತ್ತುಕೊಂಡೇ ತಿರುಗಿ ಹೊರಟ. ಇಳಿದು ಬರುವಾಗ ದಾರಿಯಲ್ಲಿ ಕೂಟದ ಹಿರಿಯರೊಬ್ಬರು ಎದುರಾದರು. ಅವರು ಪಕ್ಕಕ್ಕೆ ಸರಿದು, ಮುಖ ತಿರುಗಿಸಿಕೊಂಡು ಹೋದರು. ತಮಾಷೆ ಮಾಡಿದ್ದರೂ ಅವನಿಗೆ ಸಂತೋಷವಾಗುತ್ತಿತ್ತು.

ಮರುದಿನ ಫೋನು ಜೀವ ಪಡೆಯಿತು. ಅವನಿಗೆ ಬಂದ ಮೊದಲ ಕರೆ ಬಯಲಿನ ಕಂಬಳಿ ವ್ಯಾಪಾರಿಯದು.

"ನಿನ್ನೆ ಎಷ್ಟು ಸಲ ಮಾಡಿದೆ, ಹತ್ತಲೇ ಇಲ್ಲವಲ್ಲ ಮಾರಾಯ! ಎಲ್ಲಿ ಹೋಗಿದ್ದೆ?"

"ಇಲ್ಲೇ ಇದ್ದೆ ಸ್ವಾಮಿ."

"ಸರಿ ಬಿಡು. ಕಂಬಳಿ ಯಾವಾಗ ಕಳಿಸ್ತೀಯ?" ಎಂದು ವ್ಯಾಪಾರಿ ಕೇಳಿದ. ನೇಕಾರ ಮಗ್ಗದ ಮುಂದೆ ಹೋಗಿ ಕೂತ. ಮುಂದಿನ ವರ್ಷ ಸರದಿ ಯಾರ ಮನೆಗೂ ಹೋಗಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚೆನ್ನವೀರನಿಗೆ ತಡೆಯಲಾಗಲಿಲ್ಲ. "ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಹಾಗಾಯಿತು ಗುರುಗಳೇ. ತಪ್ಪು ಆ ಹಿರಿಯರದೇ. ಸರದಿ ಯಾರದಾದರೇನು, ಅಷ್ಟು ಜನರಲ್ಲಿ ಒಬ್ಬರಿಗಾದರೂ ಬಾಯಿ ಬರಬಾರದಿತ್ತೇ?" ಎಂದ.

"ಆ ದಿನ ಬಯಲಿನಲ್ಲಿ ನಮ್ಮೆಲ್ಲರ ಫೋನೂ ಚೆನ್ನಾಗಿಯೇ ಇತ್ತು, ನೀನು ಯಾರಿಗೆ ಮಾಡಿ ಬೇಡ ಎಂದೆ, ಚೆನ್ನವೀರ?" ಎಂದರು ಗುರುಗಳು.